ಸಂಪಿಗೆ ಬಿಲ್ಲೆಯೊಳಗಿನ ಇಂಗು

ಫೆಬ್ರವರಿ 18, ಮಂಗಳವಾರ

ನವೀನ್ ಕುಮಾರ್ ಹಾಳಾಗಿ ಹೋಗಲಿ.

ಇದೊಂದು ಸಾಲು ಬರೆಯುವುದಕ್ಕೆಂದೇ ಈ ಡೈರಿ ತೆಗೆದೆ. ನಮ್ಮ ಮನೆಯವರಿಗೆ ಯಾವುದೋ ಎಲೆಕ್ಟ್ರಿಕಲ್ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟಿದ್ದು, ಬೀರುವಿನಲ್ಲಿ ಬಿದ್ದಿತ್ತು. ಬರೆದ ಮೇಲೂ ಹೊಟ್ಟೆಯ ಉರಿ ಹಾಗೇ ಇದೆ. ಪೂರ್ತಿ ಬರೆದರೆ ಇಳಿಯುತ್ತದೇನೋ.

ಭಾನುವಾರ ಮಧುಗಿರಿಯ ಕಲ್ಯಾಣ ಮಂಟಪದಲ್ಲಿ ಮದುವೆ. ಅಲಂಕಾರದ ಕಂಟ್ರಾಕ್ಟು ನವೀನ್ ಕುಮಾರನದು. “ಹಾಲ್ ತುಂಬಾ ಮಲ್ಲಿಗೆ ಘಮ ಬರ್ಬೇಕು ಮೇಡಂ” ಎಂದು ನನ್ನಿಂದ ಮೇಣದ ಬಿಲ್ಲೆಗಳನ್ನು ಮಾಡಿಸಿಕೊಂಡ. ನಾನು ಮನೆಯಲ್ಲಿ ಮಾಡುವುದು ಬತ್ತಿಯಿಲ್ಲದ ಬಿಲ್ಲೆ. ಸೋಯಾ ಮೇಣ, ಕೊಬ್ಬರಿ ಮೇಣ, ಪರಿಮಳದ ಎಣ್ಣೆ, ಅಷ್ಟೇ. ಬಟ್ಟಲಿನಲ್ಲಿಟ್ಟು ಕೆಳಗೊಂದು ಪುಟ್ಟ ದೀಪವನ್ನೋ ಕರೆಂಟಿನ ಬರ್ನರನ್ನೋ ಇಟ್ಟರೆ ಮೆಲ್ಲಗೆ ಕರಗಿ ಘಮ ಬಿಡುತ್ತದೆ. ಅದು ತಾನಾಗಿ ಹೊತ್ತಿಕೊಳ್ಳುವ ವಸ್ತುವಲ್ಲ. ದೀಪವನ್ನು ಬಟ್ಟೆಯ ಹತ್ತಿರ ಇಡಬೇಡಿ ಎಂದು ಅವನಿಗೇ ಹೇಳಿ ಬಂದಿದ್ದೆ. ಪರದೆಯ ಬುಡದಲ್ಲೇ ಇಡಿಸಿದ, ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆಂದು. ಮುಹೂರ್ತಕ್ಕೆ ಮೊದಲೇ ನೆಟ್ ಪರದೆಗೆ ಬೆಂಕಿ ಹತ್ತಿ ಹೂಮಂಟಪದ ಅರ್ಧ ಸುಟ್ಟುಹೋಯಿತು. ಅಡುಗೆಯ ಕದರಪ್ಪ ಓಡಿಬಂದು ಉರಿಯುವ ಪರದೆಯನ್ನು ಬರಿಗೈಯಲ್ಲಿ ಎಳೆದು ಹಾಕಿದರು. ಅವರ ಅಂಗೈ ಬೆಂದಿತು.

ಹೊಗೆ ಇನ್ನೂ ಆಡುತ್ತಿರುವಾಗಲೇ ನವೀನ್ ಕುಮಾರ್ ಮೈಕು ಹಿಡಿದ. “ಯಾರೋ ಮನೇಲಿ ಕೂತ್ಕೊಂಡು ಏನೇನೋ ಬೆರೆಸಿ ಮಾಡಿದ ಮೇಣ ಇದು. ಅನುಪಮಾ ಅಂತ, ಲೈನ್‌ಮ್ಯಾನ್ ಓಬಳರಾಜು ಹೆಂಡ್ತಿ. ನಂಬಿ ಕೆಟ್ವಿ,” ಎಂದ. ನಾನು ಬಾಳೆಕಂಬದ ಪಕ್ಕದಲ್ಲೇ ನಿಂತಿದ್ದೆ. ನನ್ನ ಪರವಾಗಿ ಇವರಾದರೂ ಮಾತಾಡಲಿ ಎಂದು ಇವರ ಮುಖ ನೋಡಿದೆ. ಇವರು ನೆಲ ನೋಡುತ್ತಿದ್ದರು.

ಅವನು ಮೈಕಿನಲ್ಲಿ ಹೇಳಿದ್ದರ ವೀಡಿಯೊ ವಾಟ್ಸಾಪಿನಲ್ಲಿ ಊರೆಲ್ಲ ಓಡಾಡುತ್ತಿದೆ.

ಬರೆದೂ ಇಳಿಯಲಿಲ್ಲ.

ಫೆಬ್ರವರಿ 20, ಗುರುವಾರ

ವೀಡಿಯೊ ಬಡವನಹಳ್ಳಿಗೂ ಹೋಗಿದೆ. ಅದು ಅತ್ತೆಯ ತವರು. ಅತ್ತೆಯ ಅಣ್ಣನ ಸೊಸೆ ಫೋನು ಮಾಡಿ, “ಯಾರಿಗೂ ಏನೂ ಆಗಿಲ್ಲ ತಾನೆ?” ಎಂದು ಸಕ್ಕರೆ ಸುರಿಸಿದಳಂತೆ. ಫೋನಿಟ್ಟವರೇ ಅತ್ತೆ ಅಡುಗೆಮನೆಗೆ ಬಂದು ನನಗೆ ಕೇಳುವಂತೆ ಒಲೆಯ ಜೊತೆ ಮಾತಾಡಿದರು. “ಅನ್ನ ಬೇಯ್ಸೋ ಜಾಗ್ದಲ್ಲಿ ಮೇಣ ಕಾಯ್ಸೋದ್ ಬ್ಯಾಡ ಅಂತ ಬಡ್ಕಂಡೆ. ಈ ಆಂಜಿನಮ್ಮನ ಮಾತು ಯಾರ್ಗೆ ಬೇಕಾಗೈತೆ.”

ಬಂದಿದ್ದ ಆರ್ಡರುಗಳೆಲ್ಲ ಹಿಂದಕ್ಕೆ ಹೋದವು. ಒಬ್ಬಾಕೆಯಂತೂ ಕೊಂಡಿದ್ದ ಬಿಲ್ಲೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ನಮ್ಮ ಗೇಟಿಗೆ ನೇತುಹಾಕಿ ಹೋಗಿದ್ದಾಳೆ, ಸತ್ತ ಇಲಿಯನ್ನು ಎಸೆದ ಹಾಗೆ.

ನವೀನ್ ಕುಮಾರ್ ಮೊದಲು. ಆಮೇಲೆ ಅತ್ತೆ. ಇಬ್ಬರಿಗೂ ಒಂದು ದಿನ ಇದೆ.

ಫೆಬ್ರವರಿ 26, ಬುಧವಾರ

ಸಿರಾಕ್ಕೆ ಹೋಗಿದ್ದೆ. ಅಲ್ಲಿ ಗಿಫ್ಟ್ ಅಂಗಡಿ ಇಟ್ಟಿರುವ ಸಾಬೀರಾ ಆಪಾ ಮೊದಲು ನನ್ನಿಂದ ಒಂದಷ್ಟು ಬಿಲ್ಲೆ ತರಿಸಿಕೊಳ್ಳುತ್ತಿದ್ದರು. ಅವರೂ ಹಿಂದಕ್ಕೆ ಕೊಡುತ್ತಾರೆಂದು ಚೀಲ ತೆಗೆದುಕೊಂಡೇ ಹೋದೆ. ಆಪಾ ಒಂದು ಬಿಲ್ಲೆಯನ್ನು ಕೌಂಟರಿನ ಮೇಲಿಟ್ಟು ಕಡ್ಡಿ ಗೀರಿ ಅದಕ್ಕೆ ಹಿಡಿದರು. ಮೇಣ ಕರಗಿ ಅಂಚು ಮಿದುವಾಯಿತು, ಹೊತ್ತಲಿಲ್ಲ. ಕಡ್ಡಿ ಬೆರಳಿನವರೆಗೆ ಬಂದಾಗ ಊದಿ ಆರಿಸಿದರು.

“ಆ ವೀಡಿಯೊ ನೋಡಿದ್ ದಿನಾನೇ ಇದನ್ನ ಮಾಡಿ ನೋಡ್ದೆ ನಾನು. ಸುಳ್ಳು ಹೇಳ್ತಾವ್ನೆ ಅವ್ನು,” ಎಂದರು. “ಆದ್ರೆ ಜನ ನಿನ್ ಹೆಸ್ರು ನೋಡಿದ್ರೆ ತಗೊಳಲ್ಲ ಅನುಪಮಾ. ಹೆಸ್ರು ಹಾಕ್ದೆ ಕೊಡು. ನನ್ ಅಂಗ್ಡಿ ಹೆಸ್ರಲ್ಲೇ ಹೋಗ್ಲಿ. ಯಾರಾದ್ರೂ ಕೇಳಿದ್ರೆ ನಾನ್ ಜವಾಬು ಕೊಡ್ತೀನಿ.”

ಒಪ್ಪಿಕೊಂಡೆ. ಬಸ್ಸಿನಲ್ಲಿ ಬರುವಾಗ ಅವಮಾನವೆನಿಸಿತು. ನನ್ನ ಕೈಕೆಲಸಕ್ಕೆ ನನ್ನ ಹೆಸರಿಲ್ಲದಂತೆ ಮಾಡಿದವನನ್ನು ದಾರಿಯುದ್ದಕ್ಕೂ ನೆನೆಸಿಕೊಂಡು ಬಂದೆ.

ಮಾರ್ಚ್ 9, ಭಾನುವಾರ

ರಂಜಾನ್ ಶುರುವಾಗಿದೆ. ಆಪಾ ಊದಿನ ಘಮದ್ದು ಕೇಳಿದ್ದರಿಂದ ವಾರವಿಡೀ ಅದೇ ಕೆಲಸ. ಮೇಣದ ಚಕ್ಕೆಯನ್ನು ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಬೇಕು. ತೀರಾ ಬಿಸಿ ಇರುವಾಗ ಎಣ್ಣೆ ಹಾಕಿದರೆ ಘಮ ಹಾರಿಹೋಗುತ್ತದೆ, ತಣ್ಣಗಾದ ಮೇಲೆ ಹಾಕಿದರೆ ಬೆರೆಯದೆ ಬಿಲ್ಲೆ ಬೆವರುತ್ತದೆ. ನಡುವೆ ಒಂದು ಹದ ಇದೆ. ಮೇಣದ ಮೇಲೆ ಬೆಳಕು ಹೊಳೆಯುವುದು ನಿಂತು ತೆಳ್ಳಗೆ ಪೊರೆ ಕಟ್ಟುವುದಕ್ಕೆ ಮುಂಚಿನ ಹದ. ಅಲ್ಲಿ ಹಾಕಿ ನಿಧಾನಕ್ಕೆ ತಿರುಗಿಸುತ್ತಾ ಇರಬೇಕು.

ತಿರುಗಿಸುವಾಗೆಲ್ಲ ನವೀನ್ ಕುಮಾರನನ್ನು ಈ ಪಾತ್ರೆಯಲ್ಲಿ ಅದ್ದಿದ ಹಾಗೆ ಅಂದುಕೊಳ್ಳುತ್ತೇನೆ. ಅದರಿಂದ ಕೈಗೆ ಒಳ್ಳೆಯ ತಾಳ್ಮೆ ಬರುತ್ತದೆ.

ಆಪಾ ಉಪವಾಸದಲ್ಲಿ ನೀರೂ ಕುಡಿಯದೆ ಅಂಗಡಿಯಲ್ಲಿ ಕೂರುತ್ತಾರೆ. ನನಗೆ ಮಾತ್ರ ಪಕ್ಕದ ಹೋಟೆಲಿನಿಂದ ಟೀ ತರಿಸಿಕೊಡುತ್ತಾರೆ. ಬೇಡವೆಂದರೂ ಕೇಳುವುದಿಲ್ಲ.

ಮಾರ್ಚ್ 17, ಸೋಮವಾರ

ದೇವರಿದ್ದಾನೆ.

ನವೀನ್ ಕುಮಾರ್ ಸಿರಾದಲ್ಲಿ ಹೈವೇ ಪಕ್ಕ ಪಾರ್ಟಿ ಹಾಲ್ ಕಟ್ಟಿಸಿದ್ದಾನೆ. ಪೂರ್ತಿ ಏಸಿ. ಏಪ್ರಿಲ್ 13ಕ್ಕೆ ಉದ್ಘಾಟನೆ. ಮಧುಗಿರಿ, ಕೊರಟಗೆರೆ, ಪಾವಗಡ ಎಲ್ಲ ಕಡೆಯ ದೊಡ್ಡವರನ್ನು ಕರೆದಿದ್ದಾನೆ. ಬೋರ್ಡಿನಲ್ಲಿ ‘ಬೆಂಕಿಯಿಲ್ಲದ ಪರಿಮಳ’ ಎಂದು ಬರೆಸಿದ್ದಾನಂತೆ. ಎಲ್ಲವೂ ಕರೆಂಟಿನ ಬರ್ನರು. ಅದಕ್ಕೆ ಸಂಪಿಗೆ ಘಮದ ಬಿಲ್ಲೆ ಬೇಕೆಂದು ಆಪಾನ ಅಂಗಡಿಗೇ ಬಂದಿದ್ದ.

“ಮಾಡೋರು ಯಾರು ಅಂದ. ನಮ್ಮೋರೇ ಅಂದೆ,” ಎಂದು ಆಪಾ ನಕ್ಕರು. “ಬೇಡ ಅನ್ಸಿದ್ರೆ ಹೇಳು, ಬೇರೆ ಕಡೆ ತರಿಸ್ತೀನಿ.”

ಬೇಡವೆನ್ನುವುದಾ? ಮಾಡಿಕೊಡುತ್ತೇನೆ ಆಪಾ, ಇಂಥದ್ದನ್ನು ಅವನು ಜನ್ಮದಲ್ಲಿ ಮೂಸಿರಬಾರದು ಎಂದೆ. ಅವರು ಮೆಚ್ಚಿ ಬೆನ್ನು ತಟ್ಟಿದರು.

ಏನು ಮಾಡಬೇಕೆಂದು ಬಸ್ ಸ್ಟ್ಯಾಂಡಿಗೆ ನಡೆಯುವಷ್ಟರಲ್ಲಿ ಹೊಳೆದಿತ್ತು. ಮೇಲೆ ಸಂಪಿಗೆಯ ಮಿದು ಮೇಣ. ಅದು ಬೇಗ ಕರಗುತ್ತದೆ. ಒಳಗೆ ಗಟ್ಟಿ ಮೇಣದ ಗುಂಡು. ಅದು ತಡವಾಗಿ ಕರಗುತ್ತದೆ. ಆ ಗುಂಡಿನೊಳಗೆ ನಾತ. ಏಸಿ ಹಾಲು, ಕಿಟಕಿ ತೆರೆಯುವ ಹಾಗಿಲ್ಲ.

ಮಾರ್ಚ್ 21, ಶುಕ್ರವಾರ

ಕೊಳೆತ ಹೊಂಗೆ ಹಿಂಡಿಯ ನೀರು ಹಾಕಿ ನೋಡಿದೆ. ಮೇಣಕ್ಕೂ ನೀರಿಗೂ ಆಗದು, ಒಡೆದು ಬೇರೆಯಾಯಿತು. ನಾತ ಕೈಯಲ್ಲುಳಿಯಿತು, ಬಿಲ್ಲೆಯಲ್ಲಿ ನಿಲ್ಲಲಿಲ್ಲ. ಎರಡು ಸಲ ಸ್ನಾನ ಮಾಡಿದೆ.

ಮಾರ್ಚ್ 24, ಸೋಮವಾರ

ಅತ್ತೆಗೆ ಗೊತ್ತಾಯಿತು.

ಹಿತ್ತಲಿನಲ್ಲಿ ಬೆಳ್ಳುಳ್ಳಿ ಜಜ್ಜಿ ಹರಳೆಣ್ಣೆಯಲ್ಲಿ ಕಾಯಿಸುತ್ತಿದ್ದೆ. ಹಿಂದಿನಿಂದ ಬಂದು ನಿಂತು, “ಯಾರ್ಗ್ ಮದ್ದು ಇದು?” ಎಂದರು. ಸುಳ್ಳು ಹೇಳಲು ಬಾಯಿ ತೆರೆದವಳು ಯಾಕೋ ನಿಜವನ್ನೇ ಹೇಳಿಬಿಟ್ಟೆ. ಇನ್ನು ಇಡೀ ಕೇರಿಗೆ ಸಾರುತ್ತಾರೆಂದು ಕಾದೆ. ಅತ್ತೆ ಸೀರೆ ಎತ್ತಿ ಕಟ್ಟಿ ಕುಕ್ಕರುಗಾಲಲ್ಲಿ ಕೂತು ಬಾಣಲೆಗೆ ಮೂಗು ಹಿಡಿದರು.

“ಇದ್ರಾಗೇನೈತೆ? ಯಾರೋ ಒಗ್ಗರಣೆ ಹಾಕವ್ರೆ ಅಂತ ಉಣ್ಣಾಕೆ ಕುಂತ್ಬುಡ್ತಾರೆ. ಇಂಗು ಬೇಕು ಕಣಮ್ಮ. ಡಬ್ಬಿ ಇಂಗಲ್ಲ, ಗಟ್ಟಿ ಇಂಗು. ಹಸೀದು. ಅದು ಕಮಟು ಎಣ್ಣೇಲಿ ಕುಂತ್ರೆ ಹೆಣಾನೂ ಎದ್ದೋಯ್ತದೆ.”

“ಒಣಮೀನಿನ ಎಣ್ಣೆ?” ಎಂದೆ.

“ಅದೂ ಆಯ್ತದೆ.”

ಒಂದು ಕ್ಷಣ ಯೋಚಿಸಿ ಬೇಡವೆಂದೆ. ಸಸ್ಯದ್ದು ಬಿಟ್ಟು ಇನ್ನೇನೂ ಇಲ್ಲ ಎಂದು ಹೇಳಿಯೇ ನಾನು ಮಾರುವುದು. ಶತ್ರುವಿಗಾದರೂ ಸರಿ, ನನ್ನ ಬಿಲ್ಲೆಯಲ್ಲಿ ಮೀನು ಇರಬಾರದು. ಅತ್ತೆ ನನ್ನನ್ನೇ ದಿಟ್ಟಿಸಿ ನೋಡಿದರು. ಆಮೇಲೆ, “ಆಯ್ತು ಬುಡು. ಹಳೇ ಹೊಂಗೆ ಎಣ್ಣೆ ಐತೆ ಅಟ್ಟದ್ ಮ್ಯಾಲೆ,” ಎಂದು ಏಣಿ ಹಿಡಿಯಲು ಕರೆದರು.

ಏಪ್ರಿಲ್ 2, ಬುಧವಾರ

ಯುಗಾದಿ, ಅದರ ಮಾರನೇ ದಿನವೇ ಈದ್. ಆಪಾ ಡಬ್ಬಿಯಲ್ಲಿ ಶೀರ್ ಖುರ್ಮಾ ಕಳಿಸಿದ್ದರು, ಅತ್ತೆ ಅದೇ ಡಬ್ಬಿ ತೊಳೆದು ಒಬ್ಬಟ್ಟು ತುಂಬಿ ಕಳಿಸಿದರು.

ನವೀನ್ ಕುಮಾರ್ ಮತ್ತೆ ಬಂದು ಬಿಲ್ಲೆಗೆ ಯಾರು ಗ್ಯಾರಂಟಿ ಎಂದು ಕೇಳಿದನಂತೆ. ಆಪಾ ನಾನೇ ಗ್ಯಾರಂಟಿ ಎಂದರಂತೆ. ಒಳ್ಳೆಯದಾಯಿತು. ನನ್ನ ಹೆಸರು ಎಲ್ಲಿಯೂ ಬರುವುದಿಲ್ಲ.

ಏಪ್ರಿಲ್ 5, ಶನಿವಾರ

ಆಯಿತು. ಆಯಿತು.

ಬಚ್ಚಲಿನ ಬಾಗಿಲು ಹಾಕಿ ಬರ್ನರಿನ ಮೇಲೆ ಒಂದು ಬಿಲ್ಲೆ ಇಟ್ಟು ನಾನೂ ಅತ್ತೆಯೂ ಹೊರಗೆ ಕೂತೆವು. ಮೊದಲು ಸಂಪಿಗೆ. ಎಂಥ ಸಂಪಿಗೆ ಎಂದರೆ ಅತ್ತೆ ಕಣ್ಣು ಮುಚ್ಚಿದರು. ಬಹಳ ಹೊತ್ತು ಏನೂ ಆಗಲಿಲ್ಲ. ಒಳಗಿನ ಗುಂಡು ಕರಗುವುದಿಲ್ಲವೇನೋ ಎಂದು ನಾನು ಹೆದರಿದೆ. ಅಷ್ಟರಲ್ಲಿ ಡ್ಯೂಟಿಯಿಂದ ಬಂದ ಇವರು ಕೈಕಾಲು ತೊಳೆಯಲು ನೇರ ಬಚ್ಚಲಿಗೆ ಹೋದರು. ಹೋದ ವೇಗದಲ್ಲೇ ಹೊರಗೆ ಬಂದು ಗೋಡೆ ಹಿಡಿದುಕೊಂಡು ಓಕರಿಸಿದರು. “ಏನೋ ಸತ್ತೈತೆ ಒಳಗೆ, ಏನೋ ಸತ್ತೈತೆ,” ಎನ್ನುತ್ತಿದ್ದರು.

ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕರು. ನಾನು ಅವರ ತೋಳಿಗೆ ಒರಗಿಬಿಟ್ಟಿದ್ದೆ. ಇವರಿಗೆ ಏನೂ ಹೇಳಲಿಲ್ಲ. ಹೇಳಿದರೆ ನೆಲ ನೋಡುತ್ತಾರೆ.

ಏಪ್ರಿಲ್ 11, ಶುಕ್ರವಾರ

ಬಿಲ್ಲೆಗಳನ್ನು ಕೊಟ್ಟು ಬಂದೆ. ಆಪಾ ಒಂದನ್ನು ಮೂಸಿ, “ಮಾಷಾ ಅಲ್ಲಾ. ನಿನ್ ಕೈಯಲ್ಲಿ ಏನೋ ಇದೆ ಹುಡುಗಿ,” ಎಂದರು. ತಮ್ಮ ಅಂಗಡಿಯ ಚೀಟಿಯನ್ನು ಒಂದೊಂದು ಪೊಟ್ಟಣಕ್ಕೂ ತಾವೇ ಅಂಟಿಸಿದರು. ಹೊಸ ಚೀಟಿ. ಈ ಆರ್ಡರಿಗೆಂದೇ ಅಚ್ಚು ಹಾಕಿಸಿದ್ದಂತೆ, ಕನ್ನಡ ಒಂದು ಕಡೆ, ಉರ್ದು ಒಂದು ಕಡೆ.

ಮನೆಗೆ ಬಂದಮೇಲೆ ಊಟ ಸೇರಲಿಲ್ಲ. ಬಸ್ಸಿನಲ್ಲಿ ತಿಂದ ಕಡಲೆಕಾಯಿಯಿಂದ ಎದೆಯುರಿ ಇರಬೇಕು.

ಏಪ್ರಿಲ್ 13, ಭಾನುವಾರ

ಇವತ್ತೇ ಬರೆಯಬೇಕು.

ಬೆಳಿಗ್ಗೆ ನಾನೂ ಅತ್ತೆಯೂ ಸಿರಾ ಬಸ್ಸು ಹತ್ತಿದೆವು. ನಾನು ಮಾಸ್ಕು ಹಾಕಿ ತಲೆಯ ಮೇಲೆ ಸೆರಗು ಹೊದ್ದಿದ್ದೆ. ಹಾಲು ತುಂಬಿತ್ತು. ಗಾಜಿನ ಬಾಗಿಲು, ಬಿಳಿ ಸೋಫಾ, ಮೈ ಕೊರೆಯುವ ಏಸಿ. ಮೂಲೆಮೂಲೆಯಲ್ಲೂ ಬರ್ನರು. ನಾವು ಹಿಂದಿನ ಸಾಲಿನಲ್ಲಿ ಕೂತೆವು. ಆಪಾ ಗೋಡೆಯ ಪಕ್ಕ ನಿಂತಿದ್ದರು. ಒಳ್ಳೆಯ ಹಸಿರು ಚೂಡಿದಾರ ಹಾಕಿದ್ದರು. ಅವರನ್ನು ಯಾರೂ ಕೂರಿ ಎನ್ನಲಿಲ್ಲ.

ಸಂಪಿಗೆ ಘಮ ಹಬ್ಬಿತು. ಜನ ತಲೆಯಾಡಿಸಿದರು. ನವೀನ್ ಕುಮಾರ್ ಮೈಕು ಹಿಡಿದ. “ಮಧುಗಿರೀಲಿ ನಮಗೊಂದು ಪಾಠ ಆಯ್ತು. ತಿಳಿವಳಿಕೆ ಇಲ್ದಿರೋ ಹೆಂಗಸರು ಮನೇಲಿ ಮಾಡಿದ್ದನ್ನ ನಂಬಿದ್ವಿ. ಈಗ ನೋಡಿ, ಕ್ವಾಲಿಟಿ ಅಂದ್ರೆ ಇದು. ಒಂದ್ಸಲ ಉಸಿರು ಎಳ್ಕೊಳಿ,” ಎಂದ.

ಎಲ್ಲರೂ ಉಸಿರು ಎಳೆದುಕೊಂಡರು.

ಆ ಗಳಿಗೆಗೇ ಎಂದು ನಾನು ಎಣಿಸಿರಲಿಲ್ಲ, ಆದರೆ ಆ ಗಳಿಗೆಗೇ ಆಯಿತು. ಮುಂದಿನ ಸಾಲಿನ ದಪ್ಪ ಯಜಮಾನರು ಮೊದಲು ಪಕ್ಕದವರ ಕಡೆ ಅನುಮಾನದಿಂದ ನೋಡಿದರು. ಪಕ್ಕದವರು ಯಜಮಾನರನ್ನು ನೋಡಿದರು. ಹೆಂಗಸರ ಸೆರಗುಗಳು ಒಂದೊಂದಾಗಿ ಮೂಗಿಗೆ ಏರಿದವು. ಮಗುವೊಂದು ಸೋಫಾದ ಮೇಲೆ ಕಕ್ಕಿತು. ಯಾರೋ “ಡ್ರೈನೇಜು ಒಡೆದೈತೆ” ಎಂದರು. ನವೀನ್ ಕುಮಾರ್ ನಗುತ್ತಲೇ ಇದ್ದ, ನಗುವನ್ನು ಎಲ್ಲಿಡುವುದೆಂದು ತಿಳಿಯದವನ ಹಾಗೆ. ಮುಖ್ಯ ಅತಿಥಿ ಎದ್ದು ಬಾಗಿಲಿಗೆ ಹೋದರು, ಅವರ ಹಿಂದೆ ಅರ್ಧ ಹಾಲು ಎದ್ದಿತು, ಗಾಜಿನ ಬಾಗಿಲಿನಲ್ಲಿ ನೂಕುನುಗ್ಗಲಾಯಿತು. ಅವನು ಮೈಕಿನಲ್ಲಿ “ಕೂತ್ಕೊಳಿ, ಕೂತ್ಕೊಳಿ” ಎನ್ನುತ್ತಾ ತಾನೇ ಓಕರಿಸಿದ. ಆ ಓಕರಿಕೆ ಸ್ಪೀಕರಿನಲ್ಲಿ ಇಡೀ ಹಾಲಿಗೆ ಕೇಳಿತು. ಅತ್ತೆ ನನ್ನ ತೊಡೆ ಹಿಂಡಿದರು. ಮದುವೆಯಾದಾಗಿನಿಂದ ನಾನು ಇಷ್ಟು ಸಂತೋಷಪಟ್ಟ ನೆನಪಿಲ್ಲ.

ಆಮೇಲೆ ಅವನು ಬರ್ನರಿನ ಬಟ್ಟಲು ಎತ್ತಿ ಮೂಸಿದ. ನೇರ ಆಪಾನ ಹತ್ತಿರ ಹೋದ.

“ಏನ್ರೀ ಇದು? ಏನ್ ಹಾಕಿದೀರಿ ಇದ್ರಲ್ಲಿ?”

“ನಂಗೆ ಗೊತ್ತಿಲ್ಲ ಸರ್,” ಎಂದರು ಆಪಾ.

“ಗ್ಯಾರಂಟಿ ಅಂದ್ರಲ್ಲ? ಯಾರ್ ಮಾಡಿದ್ದು ಹೇಳಿ.”

ಈಗ ಹೇಳುತ್ತಾರೆ ಅಂದುಕೊಂಡೆ. ನನ್ನ ಹೆಸರು ಅವರ ಬಾಯಿಗೆ ಬಂದೇಬಿಟ್ಟಿತು ಅಂದುಕೊಂಡೆ. ಆಪಾ ತಲೆ ಬಗ್ಗಿಸಿದರು. “ಜವಾಬ್ದಾರಿ ನಂದು ಸರ್. ನಾನ್ ಕೊಟ್ಟಿದ್ದು. ಆದ್ರೆ ಹೆಂಗಾಯ್ತೋ ಗೊತ್ತಿಲ್ಲ,” ಎಂದರು.

ಯಾರೋ ಹಿಂದಿನಿಂದ ಕೂಗಿದ. “ಈ ಸಾಬರ ಅಂಗ್ಡೀಲಿ ಯಾಕ್ ತಗೊಂಡ್ರಿ ಸಾರ್? ಬೇಕಂತಲೇ ಮಾಡವ್ರೆ.” ಇನ್ನೊಬ್ಬ ಚೀಟಿಯನ್ನು ಕಿತ್ತು ಎತ್ತಿ ಹಿಡಿದು, “ನೋಡಿ, ಉರ್ದು ಐತೆ” ಎಂದ. ಫೋನುಗಳು ಮೇಲೆದ್ದವು. ಎಲ್ಲವೂ ಆಪಾನ ಮುಖದ ಕಡೆ. ಅವರು ದುಪಟ್ಟಾ ಎಳೆದುಕೊಂಡು ಗೋಡೆಗೆ ಒತ್ತಿ ನಿಂತರು.

ನಾನು ಎದ್ದೆ. ಎದ್ದಿದ್ದು ನನಗೆ ಗೊತ್ತಾದದ್ದು ಮಾಸ್ಕು ಕೈಗೆ ಬಂದಮೇಲೆ.

“ನಾನು ಮಾಡಿದ್ದು,” ಎಂದೆ. ಯಾರೂ ತಿರುಗಲಿಲ್ಲ. ಜನರನ್ನು ಸರಿಸಿಕೊಂಡು ಹೋಗಿ ಆಪಾನ ಮುಂದೆ, ಫೋನುಗಳ ಎದುರಿಗೆ ನಿಂತೆ. “ನಾನು ಅನುಪಮಾ. ಮಧುಗಿರಿ. ಲೈನ್‌ಮ್ಯಾನ್ ಓಬಳರಾಜು ಹೆಂಡತಿ. ಇದನ್ನ ಮಾಡಿದವಳು ನಾನು. ಒಳಗೆ ಇಂಗು ಇಟ್ಟಿದ್ದೂ ನಾನೇ, ಬೇಕಂತಲೇ ಇಟ್ಟಿದ್ದು. ಇವರಿಗೆ ಏನೂ ಗೊತ್ತಿಲ್ಲ. ಮಂಟಪಕ್ಕೆ ಬೆಂಕಿ ಹತ್ತಿದ್ದು ನನ್ನ ಮೇಣದಿಂದ ಅಲ್ಲ, ಪರದೆ ಬುಡದಲ್ಲಿ ದೀಪ ಇಡಿಸಿದ್ದು ಈ ಮನುಷ್ಯ. ನಾನು ಬೇಡ ಅಂದಿದ್ದೆ. ಆವತ್ತು ನನ್ನ ಹೆಸರು ಮೈಕಲ್ಲಿ ಹೇಳಿದ್ರು. ಇವತ್ತೂ ಹೇಳಲಿ.”

ಹಿಂದಿನಿಂದ ಅತ್ತೆಯ ದನಿ ಬಂತು. “ಇಂಗ್ ತಂದ್ಕೊಟ್ಟೋಳು ನಾನ್ ಕಣ್ರಪ್ಪ. ನಂದೂ ತಕ್ಕಳಿ ಫೋನಲ್ಲಿ.” ಯಾರೋ ಕಿಸಕ್ಕನೆ ನಕ್ಕರು. ನಗು ಹಬ್ಬಿತು.

ನಾನು ತಿರುಗಿ ಆಪಾನನ್ನು ನೋಡಿದೆ. ಅವರು ನಗುತ್ತಿರಲಿಲ್ಲ. “ನೀನಾ?” ಎಂದರು. ಅಷ್ಟೇ. ಹೊರಟುಹೋದರು.

ಏಪ್ರಿಲ್ 15, ಮಂಗಳವಾರ

ವೀಡಿಯೊ ಎಲ್ಲ ಕಡೆ. ನವೀನ್ ಕುಮಾರ್ ಓಕರಿಸುವುದಕ್ಕೆ ಯಾರೋ ಡೋಲು ಸೇರಿಸಿದ್ದಾರೆ. ಬಡವನಹಳ್ಳಿಯ ಆ ಸೊಸೆ ಅತ್ತೆಗೆ ಫೋನು ಮಾಡಿ ತಮಗೂ ಎರಡು ಬಿಲ್ಲೆ ಬೇಕೆಂದಳಂತೆ, ಒಳ್ಳೆಯದಲ್ಲ, ಇನ್ನೊಂದು ಥರದ್ದು. ಅತ್ತೆ ನನಗೆ ಜಡೆ ಹಾಕುತ್ತಾ ಹೇಳಿ ಹೇಳಿ ನಕ್ಕರು.

ಅವನು ಸಿರಾ ಠಾಣೆಯಲ್ಲಿ ದೂರು ಕೊಟ್ಟಿದ್ದಾನೆ. ನನ್ನ ಮೇಲೂ ಆಪಾನ ಮೇಲೂ.

ಆಪಾ ಫೋನು ಎತ್ತುತ್ತಿಲ್ಲ.

ಏಪ್ರಿಲ್ 16, ಬುಧವಾರ

ಸಿರಾಕ್ಕೆ ಹೋಗಿದ್ದೆ. ಅಂಗಡಿ ಮುಚ್ಚಿತ್ತು.

ಏಪ್ರಿಲ್ 19, ಶನಿವಾರ

ಅಡುಗೆಯ ಕದರಪ್ಪ ಬಂದಿದ್ದರು. ಜಗಲಿಯ ಮೇಲೆ ಕೂತು ನೀರು ಕೇಳಿದರು. ಲೋಟವನ್ನು ಎರಡೂ ಕೈಯ ಬೆರಳ ತುದಿಗಳಿಂದ ಹಿಡಿದು ಕುಡಿದರು. ಅಂಗೈ ಇನ್ನೂ ಮಡಚಲು ಬರುವುದಿಲ್ಲ.

ಅವರನ್ನು ಕಳಿಸಿದ್ದು ನವೀನ್ ಕುಮಾರ್. ಬೆಂಕಿ ತನ್ನ ಕಡೆಯ ತಪ್ಪು, ಅನುಪಮಾ ಅವರ ಮೇಣದ್ದಲ್ಲ ಎಂದು ಅವನೇ ವೀಡಿಯೊ ಮಾಡಿ ಹಾಕುತ್ತಾನಂತೆ. ನನ್ನ ಮೇಲಿನ ದೂರೂ ವಾಪಸು. ಬದಲಿಗೆ ನಾನು ಒಂದು ಮಾತು ಹೇಳಬೇಕು. ಇಂಗು ಇಡಲು ಹೇಳಿಕೊಟ್ಟವರು ಸಾಬೀರಾ ಎಂದು.

“ಅದರಿಂದ ಅವನಿಗೇನು ಸಿಗುತ್ತೆ?” ಎಂದು ಕೇಳಿದೆ.

“ಈಗ ಜನ ನಗ್ತಾವ್ರೆ ಕಣಮ್ಮ. ಸಾಬೀರಮ್ಮನ್ ಮ್ಯಾಲೆ ಬಂತು ಅಂದ್ರೆ ನಗೋದು ನಿಂತೋಯ್ತದೆ. ಸಿಟ್ಟಾಯ್ತಾರೆ. ಅವ್ನ್ಗೆ ಅದು ಬೇಕು.”

“ಪರದೆ ಹತ್ರ ದೀಪ ಇಡಿಸಿದ್ದು ಯಾರು ಅಂತ ನೀವು ನೋಡಿದ್ರಲ್ಲ ಕದರಪ್ಪ.”

“ನೋಡ್ದೆ. ಅವ್ನು ಕರೆಯೋ ಮದ್ವೆ ಅಡ್ಗೇಲೇ ನಮ್ ಮನೆ ನಡೆಯೋದು.” ಅವರು ಲೋಟವನ್ನು ಕೆಳಗಿಟ್ಟರು. “ಹೇಳು ಅಂದ, ಹೇಳ್ದೆ. ಒಪ್ಕೊ ಅಂತ ನಾನ್ ಹೇಳಾಕಿಲ್ಲ.”

ಇವರು ಒಳಗಿನಿಂದ ಕೇಳಿಸಿಕೊಂಡಿದ್ದರು. ಕದರಪ್ಪ ಹೋದಮೇಲೆ, “ಒಂದು ಮಾತು ತಾನೆ ಅನೂ. ನಿನ್ನ ಹೆಸರು ತೊಳೆದು ಹೋಗುತ್ತೆ. ಅವನ ಬಾಯಿಂದಲೇ,” ಎಂದರು.

ಏಪ್ರಿಲ್ 20, ಭಾನುವಾರ

ಅವನ ಬಾಯಿಂದಲೇ. ನಾನು ಬಯಸಿದ್ದು ಇದನ್ನೇ ಅಲ್ಲವೇ.

ಏಪ್ರಿಲ್ 21, ಸೋಮವಾರ

ಮೇಣ ಕಾಯಿಸಲಿಲ್ಲ. ಯಾವ ಕೆಲಸವೂ ಆಗಲಿಲ್ಲ.

ಅವನು ಆ ಮಾತು ಹೇಳುವುದನ್ನು ಮನಸ್ಸಿನಲ್ಲಿ ಎಷ್ಟು ಸಲ ನೋಡಿದೆನೋ. ಪ್ರತಿ ಸಲವೂ ಚೆನ್ನಾಗಿಯೇ ಇರುತ್ತದೆ. ಅದರ ಹಿಂದೆಯೇ ಆ ಫೋನುಗಳು ಮೇಲೇಳುತ್ತವೆ.

ಅತ್ತೆಯನ್ನು ಕೇಳಿದೆ. ಅವರು ಅವರೆಕಾಳು ಆರಿಸುತ್ತಿದ್ದರು. “ನನ್ನ ಕೇಳ್ಬ್ಯಾಡ. ನೀನ್ ಯಾವ್ ಕಡೀಕ್ ಹೋದ್ರೂ ನಾನ್ ಜತೇಗ್ ಬತ್ತೀನಿ. ಆದ್ರೆ ಬೆಳಿಗ್ಗೇನೇ ಹೋಗಾನ, ಬಿಸ್ಲಾಗ್ ಆಗಾಕಿಲ್ಲ ನಂಗೆ,” ಎಂದರು.

ಏಪ್ರಿಲ್ 22, ಮಂಗಳವಾರ

ಬೆಳಿಗ್ಗೆಯೇ ಹೋದೆವು. ಠಾಣೆಗೆ ಬರುತ್ತೇನೆಂದಷ್ಟೇ ಕದರಪ್ಪನವರ ಕೈಯಲ್ಲಿ ಹೇಳಿ ಕಳಿಸಿದ್ದೆ. ಸಿರಾ ಠಾಣೆಯಲ್ಲಿ ನವೀನ್ ಕುಮಾರ್ ಆಗಲೇ ಬಂದು ಕೂತಿದ್ದ. ನಾನು ಒಪ್ಪಿಕೊಂಡೆನೆಂದೇ ತಿಳಿದು, ಎದ್ದು ಕುರ್ಚಿ ಬಿಟ್ಟುಕೊಟ್ಟ. ನಾನು ಕೂರಲಿಲ್ಲ.

“ಬರ್ಕೊಳಿ ಸರ್,” ಎಂದು ಸಬ್ ಇನ್ಸ್‌ಪೆಕ್ಟರಿಗೆ ಹೇಳಿದೆ. “ಮಾಡಿದ್ದು ನಾನೊಬ್ಬಳೇ. ಸಾಬೀರಾ ಅವರಿಗೆ ಗೊತ್ತೇ ಇರಲಿಲ್ಲ. ಗೊತ್ತಿತ್ತು ಅಂತ ಸುಳ್ಳು ಹೇಳು, ಹೇಳಿದ್ರೆ ದೂರು ವಾಪಸ್ ತಗೋತೀನಿ ಅಂತ ಇವರು ಜನ ಕಳಿಸಿದ್ರು. ಅದನ್ನೂ ಬರ್ಕೊಳಿ.”

ನವೀನ್ ಕುಮಾರ್ ಸುಳ್ಳು ಎಂದ. ಅತ್ತೆ, “ನಾನ್ ಅಲ್ಲೇ ಕುಂತಿದ್ನಲ್ಲಪ್ಪ, ಅವರೆಕಾಳು ಆರಿಸ್ತಾ,” ಎಂದರು. ಕದರಪ್ಪ ಬಂದ ದಿನ ಅತ್ತೆ ಪಡಿತರ ಅಂಗಡಿಗೆ ಹೋಗಿದ್ದರು.

ಸಬ್ ಇನ್ಸ್‌ಪೆಕ್ಟರು ಪೆನ್ನು ಕೆಳಗಿಟ್ಟರು. “ವಾಸನೆಗೆ ಯಾವ ಸೆಕ್ಷನ್ ಹಾಕೋದು ಅಂತ ನಾವೇ ತಲೆ ಕೆಡಿಸ್ಕೊಂಡಿದೀವಿ,” ಎಂದರು. ಸಾರ್ವಜನಿಕರಿಗೆ ತೊಂದರೆ ಕೊಟ್ಟಿದ್ದಕ್ಕೆ ನನ್ನ ಮೇಲೆ ಸಣ್ಣ ಕೇಸು. ಆಪಾನ ಹೆಸರು ತೆಗೆದರು. ಬೆಂಕಿಯ ವಿಷಯ ಮಧುಗಿರಿ ಠಾಣೆಗೆ ಸೇರಿದ್ದು, ಅಲ್ಲಿ ದೂರು ಕೊಡಿ ಎಂದರು. ಕೊಡುತ್ತೇನೆ. ಗುರುವಾರವೇ ಕೊಡುತ್ತೇನೆ. ನವೀನ್ ಕುಮಾರನಿಗೆ ಅದನ್ನು ಅಲ್ಲೇ ಹೇಳಿದೆ, ಮೆಲ್ಲಗೆ, ಅವನ ಕಣ್ಣು ನೋಡುತ್ತಾ. ಅವನು ನನ್ನ ಕ್ಷಮೆ ಕೇಳುವುದು ಈಗ ನನಗೆ ಬೇಡ. ಕೋರ್ಟಿನಲ್ಲಿ ನಿಂತು ಬೆವರಲಿ.

ಇವರು ಹೊರಗೆ ಬೈಕಿನ ಹತ್ತಿರ ನಿಂತಿದ್ದರು. ಡ್ಯೂಟಿ ಬಿಟ್ಟು ಬಂದಿದ್ದರು. ಏನಾಯಿತೆಂದು ಕೇಳಲಿಲ್ಲ, ಅತ್ತೆಯ ಕೈಯಿಂ‌ದ ಚೀಲ ತೆಗೆದುಕೊಂಡರು.

ಏಪ್ರಿಲ್ 27, ಭಾನುವಾರ

ಆಪಾ ಅಂಗಡಿ ತೆರೆದಿದ್ದಾರೆಂದು ಗೊತ್ತಾಗಿ ಹೋದೆ. ಒಬ್ಬಳೇ.

ಅವರು ನನ್ನನ್ನು ನೋಡಿಯೂ ನೋಡದವರ ಹಾಗೆ ಬಳೆಯ ಪೆಟ್ಟಿಗೆಗಳನ್ನು ಜೋಡಿಸುತ್ತಿದ್ದರು. ನಾನು ಬಾಗಿಲಲ್ಲೇ ನಿಂತೆ. ಗಿರಾಕಿಗಳು ಬಂದರು, ಹೋದರು. ಇಬ್ಬರು ಹೆಂಗಸರು ನನ್ನ ಗುರುತು ಹಿಡಿದು ಪಿಸುಗುಟ್ಟಿದರು. ಒಬ್ಬಾಕೆ ಆಪಾನಿಗೆ, “ಇವಳೇ ಅಲ್ವಾ?” ಎಂದಳು. “ಹೌದು, ನಾನೇ. ಇವರದೇನೂ ಇಲ್ಲ,” ಎಂದು ನಾನೇ ಹೇಳಿದೆ.

ಅಂಗಡಿ ಖಾಲಿಯಾದ ಮೇಲೆ ಆಪಾ ಮಾತಾಡಿದರು. ನನ್ನ ಕಡೆ ತಿರುಗಲಿಲ್ಲ.

“ನಮ್ಮ ಅಬ್ಬಾ ಕಾಲದಿಂದ ಇದೇ ಜಾಗ ಅನುಪಮಾ. ಒಬ್ರೂ ಒಂದು ಮಾತು ಅಂದಿರ್ಲಿಲ್ಲ. ಆವತ್ತು ಅಂದ್ರು. ನಿನ್ ಸಿಟ್ಟು ಇಡೋಕೆ ನನ್ ಅಂಗ್ಡಿ ಚೀಟೀನೇ ಬೇಕಾಗಿತ್ತಾ?”

“ನಾನು ಯೋಚನೆ ಮಾಡ್ಲಿಲ್ಲ ಆಪಾ.”

“ಅದೇ. ಮಾಡ್ಲಿಲ್ಲ.” ಪೆಟ್ಟಿಗೆಯೊಂದನ್ನು ಮೇಲಿನ ಅಟ್ಟಣೆಗೆ ತಳ್ಳಿದರು. “ಠಾಣೇಲಿ ಏನ್ ಹೇಳ್ದೆ ಅಂತ ಗೊತ್ತಾಯ್ತು. ಅವ್ನು ಏನ್ ಕೊಡ್ತೀನಿ ಅಂದಿದ್ದ ಅಂತಾನೂ. ಆದ್ರೂ ನಾನ್ ನಿನ್ನ ಮಾಫ್ ಮಾಡಿಲ್ಲ, ತಿಳ್ಕೊ.”

“ಸರಿ ಆಪಾ.”

“ಮಾಡ್ತೀನೋ ಇಲ್ವೋ, ಅದೂ ಗೊತ್ತಿಲ್ಲ.”

“ಸರಿ.”

ಹೊರಡಲು ತಿರುಗಿದೆ. ಆಪಾ ಕೌಂಟರಿನ ಹಿಂದಿನ ಸ್ಟೂಲನ್ನು ಕಾಲಿನಿಂದ ನನ್ನ ಕಡೆ ಸರಿಸಿದರು. ಕೂರಬೇಕೋ ಬೇಡವೋ ತಿಳಿಯದೆ ನಿಂತೆ. ಕೊನೆಗೆ ಕೂತೆ. ಅವರು ಬಾಗಿಲಿನ ಆಚೆ ಈಚೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ದನಿ ಇಳಿಸಿದರು.

“ಆವತ್ತು ನಾತ ಬಂದ ಮೇಲೆ ನಾನ್ ತಲೆ ಎತ್ಲೇ ಇಲ್ಲ. ವೀಡಿಯೋನೂ ನೋಡಿಲ್ಲ, ನನ್ ಮುಖ ಬರುತ್ತೆ ಅಂತ. ಮೈಕಲ್ಲಿ ಉಸಿರು ಎಳ್ಕೊಳಿ ಅಂದ್ನಲ್ಲ, ಆಗ ಅವ್ನ ಮುಖ ಹೆಂಗಾಯ್ತು?”

ಹೇಳಿದೆ. ದಪ್ಪ ಯಜಮಾನರಿಂದ ಶುರು ಮಾಡಿ, ನಗುವನ್ನು ಎಲ್ಲಿಡುವುದೆಂದು ತಿಳಿಯದೆ ಅವನು ನಿಂತದ್ದು, ಹಣೆಯ ಮೇಲೆ ಏಸಿಯಲ್ಲೂ ಬೆವರು ಒಡೆದದ್ದು, ಸ್ಪೀಕರಿನಲ್ಲಿ ಓಕರಿಸಿದ್ದು, ಒಂದನ್ನೂ ಬಿಡದೆ ಹೇಳಿದೆ. ಆಪಾ ಬಳೆಯ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು, ಮುಖ ಒಂದಿಷ್ಟೂ ಸಡಿಲಿಸದೆ, ಕೊನೆಯವರೆಗೆ ಕೇಳಿದರು.

“ಇನ್ನೊಂದ್ಸಲ ಹೇಳು,” ಎಂದರು.